ರಸ್ತೆ ದಾಟಿಸಿದ ಕೇಸು

ಡಿಸ್ಕವರಿ ಗಾರ್ಡನ್ಸ್, ದುಬೈ
22 ನವೆಂಬರ್ 2024, ಶುಕ್ರವಾರ

ಪ್ರೀತಿಯ ಮೆಹರೂ,

ಅಸ್ಸಲಾಮು ಅಲೈಕುಂ. ನಾನು ಫ್ಯಾಮಿಲಿ ಗ್ರೂಪಿನಿಂದ ಎಕ್ಸಿಟ್ ಆದದ್ದು ಸಿಟ್ಟಿನಿಂದ ಅಲ್ಲ. ಇದನ್ನು ಮೊದಲು ಓದು, ಆಮೇಲೆ ಬೇಕಾದರೆ ಮುಖ ತಿರುಗಿಸು. ಒಂದು ವಾರದಿಂದ ನೀನು ಫೋನ್ ಎತ್ತುತ್ತಿಲ್ಲ. ಮಗಳು ಸಬೀನ ಎತ್ತಿ "ಉಮ್ಮ ಮಲಗಿದ್ದಾರೆ" ಅನ್ನುತ್ತಾಳೆ. ಸಂಜೆ ಐದು ಗಂಟೆಗೆ ಯಾರು ಮಲಗುವುದು ಮಾರಾಯ್ತಿ? ಗಂಡ ಗ್ರೂಪ್ ಬಿಟ್ಟ ಅಂದರೆ ಹೆಂಡತಿಯನ್ನೇ ಬಿಟ್ಟ ಅಂತ ನಿನ್ನ ತಂಗಿಯಂದಿರು ತೀರ್ಮಾನ ಮಾಡಿರಬೇಕು.

ವಿಷಯ ಇಷ್ಟೆ. ನೀನು ಗ್ರೂಪಿಗೆ ಹಾಕಿದ ಆ ಫೋಟೊ. ಹೊಸಪದವಿನ ಹೈವೇ ಮಧ್ಯದಲ್ಲಿ ಹೆಂಗಸರ ಸಾಲು. ಸಾಲಿನ ಮುಂದೆ ಬುರ್ಖಾ ಹಾಕಿಕೊಂಡು, ಕೆಂಪು ಬೋರ್ಡು ಎತ್ತಿ ಹಿಡಿದು ನಿಂತ ನನ್ನ ಹೆಂಡತಿ. ಇಲ್ಲಿ ಧರಣಿ, ಮೆರವಣಿಗೆ ಎಲ್ಲ ಇಲ್ಲ ಅಂತ ನಿನಗೆ ಗೊತ್ತುಂಟು. ಪರ್ಮಿಷನ್ ಇಲ್ಲದೆ ಗುಂಪು ಸೇರುವ ಹಾಗಿಲ್ಲ. ಅಂಥ ಫೋಟೊ ನನ್ನ ಫೋನಿನಲ್ಲಿದ್ದರೆ ಏನಾದರೂ ಆಗುತ್ತದೋ, ಏನೂ ಆಗುವುದಿಲ್ಲವೋ, ನನಗೆ ತಿಳಿಯದು. ತಿಳಿಯದ್ದಕ್ಕೇ ಹೆದರಿಕೆ. ಎಕ್ಸಿಟ್ ಒತ್ತಿದೆ, ಫೋಟೊ ಅಳಿಸಿದೆ, ಆಮೇಲೆ ನೀರು ಕುಡಿದೆ. ನನ್ನ ರೂಮಿನ ರಮೀಝ್ ಬಿದ್ದು ಬಿದ್ದು ನಕ್ಕ. ಅವನ ನಸೀಮ ಕೂಡ ಅದೇ ಸಾಲಿನಲ್ಲಿ ನಿಂತಿದ್ದಾಳೆ ಅಂತ ತೋರಿಸಿದ ಮೇಲೆ ನಗು ನಿಂತಿತು.

ಇನ್ನು ಆ ವಿಷಯ ಬರೆಯುವುದಿದ್ದರೆ ಕಾಗದದಲ್ಲಿ ಬರೆ. ಹೋಗಿಬರುವವರ ಕೈಯಲ್ಲಿ ಕೊಡು, ಮದುವೆಯಾದ ಹೊಸದರಲ್ಲಿ ಕೊಡುತ್ತಿದ್ದ ಹಾಗೆ. ರಮೀಝ್ ನಾಳೆ ಊರಿಗೆ ಹೊರಡುತ್ತಾನೆ. ಈ ಪತ್ರ ಅವನ ಸೂಟ್‌ಕೇಸಿನಲ್ಲಿ, ಟ್ಯಾಂಗ್ ಪ್ಯಾಕೆಟಿನ ಅಡಿಯಲ್ಲಿ ಬರುತ್ತದೆ.

ಮೆಹರೂ, ನಾನು ರೂಲ್ಸಿನ ಮನುಷ್ಯ. ಈ ಊರಿನಲ್ಲಿ ಸ್ಕೂಲ್ ಬಸ್ ಓಡಿಸಲು ಶುರು ಮಾಡಿದ ದಿನದಿಂದ ನನ್ನ ಲೈಸೆನ್ಸಿಗೆ ಒಂದು ಬ್ಲ್ಯಾಕ್ ಪಾಯಿಂಟ್ ಬಿದ್ದದ್ದಿಲ್ಲ. ಟ್ರಿಪ್ ಮುಗಿದ ಮೇಲೆ ಕೊನೆಯ ಸೀಟಿನ ತನಕ ನಡೆದು, ಯಾವ ಮಗುವೂ ನಿದ್ದೆ ಹೋಗಿ ಉಳಿದಿಲ್ಲ ಅಂತ ನೋಡದೆ ಇಳಿದದ್ದಿಲ್ಲ. ನಿನ್ನ ಉಮ್ಮನ ಆಪರೇಷನ್, ಸಬೀನಳ ಕಾಲೇಜು, ನಮ್ಮ ಮನೆಯ ತಾರಸಿ, ಎಲ್ಲ ಈ ಊರು ಕೊಟ್ಟದ್ದು. ನಾನು ಇದರ ಉಪ್ಪು ತಿಂದವನು. ಇಲ್ಲಿ ಹೇಗೆ ಇರಬೇಕು ಅನ್ನುತ್ತಾರೋ ಹಾಗೆ ಇರುವುದರಲ್ಲಿ ನನಗೆ ನಾಚಿಕೆಯಿಲ್ಲ.

ಇನ್ನು ಮುಖ್ಯ ಮಾತು. ಕಂಪನಿಯವರು ಈ ವರ್ಷ ನನಗೆ ಫ್ಯಾಮಿಲಿ ವೀಸಾಕ್ಕೆ ಪೇಪರ್ ಕೊಟ್ಟಿದ್ದಾರೆ. ಉಳಿದದ್ದು ನಿನ್ನ ಪಾಸ್‌ಪೋರ್ಟ್ ರಿನೀವಲ್ ಒಂದೆ. ಅದಕ್ಕೆ ಪೊಲೀಸ್ ಎನ್‌ಕ್ವೈರಿ ಆಗಬೇಕು. ರಸ್ತೆಯಲ್ಲಿ ನಿಂತು ನಿನ್ನ ಮೇಲೆ ಒಂದು ಕೇಸ್ ಬಿತ್ತು ಅಂತ ಇಟ್ಟುಕೋ, ಎಲ್ಲ ಖಲಾಸ್. ಮದುವೆಯಾಗಿ ಇಷ್ಟು ವರ್ಷಕ್ಕೆ ನಾವಿಬ್ಬರು ಒಟ್ಟಿಗೆ ನೋಂಬು ಹಿಡಿದದ್ದು ಒಂದೇ ರಂಝಾನ್. ಬರುವ ಮಾರ್ಚಿನಲ್ಲಿ ನೀನು ಇಲ್ಲಿರಬೇಕು ಅಂತ ನನ್ನ ಆಸೆ. ಪಾಸ್‌ಪೋರ್ಟ್ ಕೈಗೆ ಬರುವ ತನಕ ರಸ್ತೆಗೆ ಇಳಿಯಬೇಡ. ಆಮೇಲೆ ನೀನುಂಟು, ನಿನ್ನ ಬೋರ್ಡುಂಟು.

ನಿನ್ನ
ಬದ್ರುದ್ದೀನ್


ಹೊಸಪದವು
26 ಡಿಸೆಂಬರ್ 2024, ಗುರುವಾರ

ಸಬೀನಳ ಉಪ್ಪಾ,

ವ ಅಲೈಕುಂ ಸಲಾಂ. ಸಂಜೆ ಐದಕ್ಕೆ ಮಲಗಿದ್ದು ಹೌದು. ಸಿಟ್ಟು ಬಂದರೆ ನಾನು ಬೆಳಿಗ್ಗೆ ಹತ್ತಕ್ಕೂ ಮಲಗುತ್ತೇನೆ, ನಿಮಗೆ ಗೊತ್ತಿಲ್ಲದ್ದಲ್ಲ. "ಬದ್ರುದ್ದೀನ್ ಲೆಫ್ಟ್" ಅಂತ ಗ್ರೂಪಿನಲ್ಲಿ ಬಂದಾಗ ಮನೆಯಲ್ಲಿ ಯಾರೋ ತೀರಿಹೋದ ಹಾಗಾಯಿತು. ನನ್ನ ತಂಗಿ ಓಡಿಕೊಂಡು ಬಂದು ನನ್ನ ಕೈ ಹಿಡಿದು ಕೂತಳು. ಹೆದರಿಕೆಯಿಂದ ಬಿಟ್ಟದ್ದು ಅಂತ ನಿಮ್ಮ ಪತ್ರ ಓದಿ ಗೊತ್ತಾದ ಮೇಲೆ ಅವಳಿಗೂ ಓದಿಸಿದೆ. ನಮ್ಮಿಬ್ಬರಿಗೂ ನಗು ತಡೆಯಲಿಲ್ಲ, ಮಾಫಿ ಮಾಡಿ.

ಬ್ಯಾರಿ ಭಾಷೆಯಲ್ಲಿ ಜಗಳ ಮಾಡುವವಳು ಕನ್ನಡದಲ್ಲಿ ಪತ್ರ ಬರೆಯುವಾಗ ಎಂಟನೇ ಕ್ಲಾಸಿನ ಟೀಚರ ಎದುರು ನಿಂತ ಹಾಗೆ ಆಗುತ್ತದೆ. ಬೈಗುಳ ಕೂಡ ಮರ್ಯಾದೆಯಿಂದ ಬರುತ್ತದೆ.

ನೀವು ನನ್ನ ಮೇಲೆ ಅಪವಾದ ಹಾಕಬೇಡಿ. ಇದನ್ನು ಕಲಿಸಿದವರು ನೀವೇ. ಶಾಲೆಯಲ್ಲಿ ಮಧ್ಯಾಹ್ನದ ಅಡುಗೆ ಮಾಡುವ ಡೊರೊತಿ ಬಾಯಿಯವರಿಗೆ ಆಗಸ್ಟಿನಲ್ಲಿ ಶಾಲೆಯೆದುರು ರಸ್ತೆ ದಾಟುವಾಗ ಟೆಂಪೊ ಬಡಿದು ಸೊಂಟ ಮುರಿಯಿತು. ಅವರಿಗಿಂತ ಮುಂಚೆ ಇಬ್ಬರಿಗೆ ಬಡಿದಿತ್ತು. ಸಿಗ್ನಲ್ ಬೇಕು, ಒಂದು ಝೀಬ್ರಾ ಪಟ್ಟಿಯಾದರೂ ಎಳೆಯಿರಿ ಅಂತ ಅರ್ಜಿ ಕೊಟ್ಟು ಕೊಟ್ಟು ಕೈ ಸೋತಿತು. "ನೋಡುವ" ಅಂದರು. ಇನ್ನೂ ನೋಡುತ್ತಲೇ ಇದ್ದಾರೆ. ಆಗ ನನಗೆ ನೀವು ರಜೆಯಲ್ಲಿ ಬಂದಾಗ ಊಟಕ್ಕೆ ಕೂತು ಹೇಳಿದ್ದು ನೆನಪಾಯಿತು. ನಿಮ್ಮ ಬಸ್ಸಿನ ಬದಿಯಿಂದ ಒಂದು ಕೆಂಪು ಬೋರ್ಡು ಕೈ ಚಾಚಿದ ಹಾಗೆ ಹೊರಗೆ ಬರುತ್ತದೆ, ಅದು ಬಂದ ಕೂಡಲೆ ಎಂಥ ದೊಡ್ಡ ಕಾರೂ ನಿಲ್ಲಬೇಕು ಅಂತ ಹೇಳಿದ್ದಿರಲ್ಲ? ಪಕ್ಕದ ಮನೆಯ ಗುಲಾಬಿಯಕ್ಕನಿಗೆ ಇದನ್ನು ಹೇಳಿದೆ. "ನಮಗೆ ಬಸ್ಸಿಲ್ಲದಿದ್ದರೆ ಎಂತಾಯ್ತು, ಕೈ ಉಂಟಲ್ಲ ಮಾರಾಯ್ತಿ" ಅಂದರು. ಮನೆಯ ಹಳೆಯ ಪ್ಲೈವುಡ್ಡಿಗೆ ಕೆಂಪು ಬಣ್ಣ ಬಳಿದರು, ನಾನು ಬಿಳಿಯಲ್ಲಿ "ನಿಲ್ಲಿ" ಅಂತ ಬರೆದೆ.

ನಾವು ರಸ್ತೆ ತಡೆದದ್ದಲ್ಲ. ಶಾಲೆ ಬಿಡುವಾಗ, ಕೂಡುವಾಗ ಸಾಲಾಗಿ ಮೆಲ್ಲ ದಾಟುತ್ತೇವೆ. ಆಚೆ ಮುಟ್ಟಿದ ಮೇಲೆ ಏನೋ ಮರೆತವರ ಹಾಗೆ ತಿರುಗಿ ಈಚೆ ಬರುತ್ತೇವೆ. ಘೋಷಣೆ ಇಲ್ಲ, ಬೊಬ್ಬೆ ಇಲ್ಲ. ರಸ್ತೆ ದಾಟಬಾರದು ಅಂತ ಯಾವ ಕಾನೂನಿನಲ್ಲಿ ಉಂಟು? ಮಕ್ಕಳು ನಮ್ಮ ನಡುವೆ ಸೇರಿಕೊಂಡು ದಾಟುತ್ತವೆ.

ಈಗ ನೀವು ಹೆದರಬೇಡಿ. ಎರಡು ವಾರದಿಂದ ನಾನು ರಸ್ತೆಗೆ ಹೋಗಲಿಲ್ಲ. ಬಂಗುಡೆ ಮೀನು ಈ ಸಲ ಚೆನ್ನಾಗಿ ಸಿಗುತ್ತಿದೆ. ನಿಮ್ಮ ಇಷ್ಟದ ಹಾಗೆ ದಪ್ಪ ಮಸಾಲೆ ಅರೆದು ಪುಳಿಮುಂಚಿ ಮಾಡಿದೆ. ಸಬೀನ ಎರಡು ತಿಂದು, ಮೂರನೆಯದು ನಾಳೆಗೆ ಅಂತ ಎತ್ತಿಟ್ಟು, ಸಂಜೆಯೇ ಅದನ್ನೂ ತಿಂದಳು. ತಲೆ ತೆಗೆದು ಹಾಕಿದ್ದಕ್ಕೆ ನನಗೆ ಬೈದಳು, ನಿಮ್ಮದೇ ಬುದ್ಧಿ. ನಿಮಗೆ ಸ್ವಲ್ಪ ಒಣ ಸಿಗಡಿ, ಒಂದು ಬಾಟಲಿ ಮಾವಿನ ಮಿಡಿ ಉಪ್ಪಿನಕಾಯಿ ರಮೀಝ್ ಕೈಯಲ್ಲಿ ಕಳಿಸಿದ್ದೇನೆ. ಬಾಟಲಿಗೆ ಟೇಪ್ ಸುತ್ತಿದ್ದೇನೆ, ಕತ್ತರಿಯಿಂದ ಬಿಡಿಸಿ, ಹಲ್ಲಿನಿಂದ ಬೇಡ. ಪಾಸ್‌ಪೋರ್ಟಿನ ಎನ್‌ಕ್ವೈರಿ ಇನ್ನೂ ಬರಲಿಲ್ಲ. ಬರಬಹುದು.

ನಿಮ್ಮ
ಮೆಹರುನ್ನಿಸ


ಡಿಸ್ಕವರಿ ಗಾರ್ಡನ್ಸ್
3 ಜನವರಿ 2025, ಶುಕ್ರವಾರ

ಮೆಹರುನ್ನಿಸ,

ಬಂಗುಡೆ! ಪೊಲೀಸ್ ಸ್ಟೇಷನ್ನಿನಲ್ಲಿ ಕೂತು ಬಂದವಳು ಗಂಡನಿಗೆ ಬಂಗುಡೆಯ ಕಥೆ ಬರೆಯುತ್ತಾಳೆ!

ನೀನು ಪತ್ರ ಬರೆದೆ, ಬಾಟಲಿಗೆ ಟೇಪ್ ಸುತ್ತಿದೆ, ಪತ್ರ ತರುವವನ ಬಾಯಿಗೆ ಟೇಪ್ ಸುತ್ತಲಿಲ್ಲ. ರಮೀಝ್ ಸೂಟ್‌ಕೇಸ್ ಬಿಚ್ಚುತ್ತ ಎಲ್ಲ ಹೇಳಿದ. ನನಗೆ ಮೊದಲೇ ಗೊತ್ತಿರಬೇಕು ಅಂತ ಅವನು ತಿಳಿದಿದ್ದ. ಡಿಸೆಂಬರ್ ಹನ್ನೊಂದಕ್ಕೆ ನಿಮ್ಮೆಲ್ಲರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಹೋದರಂತೆ. ಸಂಜೆ ಬಿಟ್ಟರಂತೆ. ಇನ್ನು ಹೀಗೆ ಮಾಡುವುದಿಲ್ಲ ಅಂತ ಮುಚ್ಚಳಿಕೆ ಬರೆದುಕೊಟ್ಟರೆ ಕೇಸಿಲ್ಲ ಅಂದರಂತೆ. ನಸೀಮ ಸೈನ್ ಹಾಕಿದಳು, ಗುಲಾಬಿಯಕ್ಕ ಹಾಕಿದರು, ಉಳಿದವರೂ ಹಾಕಿದರು. ನನ್ನ ಹೆಂಡತಿ ಒಬ್ಬಳು "ಯೋಚನೆ ಮಾಡಿ ಹೇಳುತ್ತೇನೆ" ಅಂತ ಎದ್ದು ಬಂದಳಂತೆ. ಫೆಬ್ರವರಿಯ ಮೊದಲ ಸೋಮವಾರದ ಒಳಗೆ ಹೇಳಬೇಕಂತೆ. ಇಲ್ಲದಿದ್ದರೆ ಕೋರ್ಟು.

ಯೋಚನೆ ಮಾಡಲು ಅದರಲ್ಲಿ ಎಂತ ಉಂಟು? ನಿನ್ನ ಪಾಸ್‌ಪೋರ್ಟಿನ ಕಾಗದ ಅದೇ ಸ್ಟೇಷನ್ನಿಗೆ ಬರುವುದು. ಕೇಸ್ ಇರುವವರಿಗೆ ಯಾರು ಸರಿ ಅಂತ ಬರೆದು ಕಳಿಸುತ್ತಾರೆ?

ನಾನು ಒಂದು ವಿಷಯ ನಿನಗೆ ಹೇಳದೆ ಇಟ್ಟಿದ್ದೆ. ನೀನು ಬಂದು ಬಾಗಿಲು ತೆರೆದು ನೋಡಲಿ ಅಂತ ಇತ್ತು. ಈಗ ಎಂಥ ಗುಟ್ಟು. ನಾನು ರಮೀಝ್‌ನ ರೂಮಿನ ಬೆಡ್ ಸ್ಪೇಸ್ ಬಿಟ್ಟೆ. ಇದೇ ಡಿಸ್ಕವರಿ ಗಾರ್ಡನ್ಸಿನಲ್ಲಿ ಒಂದು ಸ್ಟುಡಿಯೊ ಹಿಡಿದಿದ್ದೇನೆ. ಒಂದೇ ಕೋಣೆ, ಮೂಲೆಯಲ್ಲಿ ಅಡುಗೆ, ಆದರೆ ಬಾಡಿಗೆ ಚೀಟಿ ನನ್ನ ಹೆಸರಿನಲ್ಲಿ. ಬರ್ ದುಬೈಗೆ ಹೋಗಿ ಕರ್ಟನ್ ಬಟ್ಟೆ ತಂದೆ. ಹಳದಿ ಹೂವಿನದ್ದು, ನಿನಗೆ ಹಿಡಿಸದಿದ್ದರೆ ಬದಲಾಯಿಸುವ. ನಾನು ಒಬ್ಬನೇ ಆ ಕೋಣೆಯಲ್ಲಿ ಚಾ ಮಾಡಿ ಕುಡಿಯುತ್ತೇನೆ. ಇಷ್ಟು ವರ್ಷ ಆರು ಜನರ ಗೊರಕೆ ಕೇಳಿಕೊಂಡು ಮಲಗಿದವನಿಗೆ ಈ ನಿಶ್ಶಬ್ದದಲ್ಲಿ ಕಣ್ಣು ಮುಚ್ಚುವುದಿಲ್ಲ. ನೀನು ಬರುತ್ತೀ ಅನ್ನುವ ಧೈರ್ಯಕ್ಕೆ ಇದ್ದೇನೆ.

ಮೊನ್ನೆ ಫೋನಿನಲ್ಲಿ ಮಾತಾಡಿದೆವಲ್ಲ, ನಾನು ಊಟ ಆಯಿತಾ ಕೇಳಿದೆ, ನೀನು ಆಯಿತು ಅಂದೆ. ನಾನು ಚಳಿ ಉಂಟು ಅಂದೆ, ನೀನು ಇಲ್ಲಿ ಸೆಕೆ ಅಂದೆ. ಮನಸ್ಸಿನಲ್ಲಿ ಇಷ್ಟು ಇಟ್ಟುಕೊಂಡು ಹೇಗೆ ಅಷ್ಟು ಆರಾಮಾಗಿ ಸೆಕೆಯ ವಿಷಯ ಹೇಳಿದೆ ನೀನು? ನನಗೆ ಅದೇ ನೋವು.

ಸೈನ್ ಹಾಕು ಮೆಹರೂ. ಒಂದು ಸೈನ್. ಯಾರೂ ನಿನ್ನನ್ನು ಹೀಯಾಳಿಸುವುದಿಲ್ಲ. ಅಬುಧಾಬಿಯಲ್ಲಿರುವ ನಮ್ಮೂರಿನ ಲತೇಶ್ ತಂಗಿಯ ನಿಶ್ಚಿತಾರ್ಥಕ್ಕೆ ಹೊರಟಿದ್ದಾನೆ, ಈ ಪತ್ರ ಅವನ ಕೈಯಲ್ಲಿ. ಉತ್ತರ ಅವನ ಕೈಯಲ್ಲೇ ಕೊಡು. ಮೀನಿನ ವಿಷಯ ಬೇಡ.

ಬದ್ರುದ್ದೀನ್


ಹೊಸಪದವು
15 ಜನವರಿ 2025, ಬುಧವಾರ

ಸಬೀನಳ ಉಪ್ಪಾ,

ಮುಚ್ಚಿಟ್ಟದ್ದು ಹೌದು. ನೀವು ದೂರದಲ್ಲಿ ಕೂತು ಹೆದರುವುದು ನನಗೆ ನೋಡಲಾಗುವುದಿಲ್ಲ. ನೋಡುವುದು ಎಲ್ಲಿಂದ, ನೆನೆಸಲಾಗುವುದಿಲ್ಲ. ಬೈದದ್ದು ಸಾಕಾಗದಿದ್ದರೆ ಇನ್ನೊಂದು ಪತ್ರದಲ್ಲಿ ಬೈಯಿರಿ, ನಾನು ಕೇಳುತ್ತೇನೆ. ಈಗ ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಡಿಸೆಂಬರ್ ಮೊದಲಿಗೆ ಒಂದು ಆರ್ಡರ್ ಬಂತು. ಶಾಲೆಯ ಎದುರು ಐದು ಜನ ಸೇರಬಾರದು ಅಂತ. ನಾವು ನಿಮ್ಮ ಹಾಗೆಯೇ ರೂಲ್ಸ್ ಪಾಲಿಸಿದೆವು ಮಾರಾಯ್ರೆ. ನಾಲ್ಕು ನಾಲ್ಕು ಜನ ಆದೆವು. ನಾಲ್ವರು ದಾಟುವುದು, ಅವರು ಮುಟ್ಟಿದ ಮೇಲೆ ಬೇರೆ ನಾಲ್ವರು. ನಡುವೆ ಒಬ್ಬರಿಗೊಬ್ಬರು ಗುರುತಿಲ್ಲದ ಹಾಗೆ ಮುಖ ಆಚೆ ಮಾಡುವುದು. ಗುಲಾಬಿಯಕ್ಕ ನನ್ನನ್ನು ನೋಡಿ "ನೀವು ಯಾವ ಊರಿನವರು?" ಅಂತ ಜೋರಾಗಿ ಕೇಳಿದರು. ಪೊಲೀಸರೇ ನಕ್ಕರು.

ಒಂದು ವಾರ ಹೀಗೆ ನಡೆಯಿತು. ಹನ್ನೊಂದರ ಬೆಳಿಗ್ಗೆ ಬಂದಾಗ ಹೊಸ ಆರ್ಡರ್. ಬೋರ್ಡು ಹಿಡಿದು ಒಬ್ಬರೂ ರಸ್ತೆಗೆ ಇಳಿಯಬಾರದು. ಸರಿ, ನಾವು ಬದಿಯಲ್ಲಿ ಕೂತೆವು. ಅಷ್ಟರಲ್ಲಿ ಆಚೆ ಬದಿಯಲ್ಲಿ ಟೌನ್ ಬಸ್ಸಿನಿಂದ ಮಕ್ಕಳು ಇಳಿದವು. ಸಣ್ಣ ಸಣ್ಣವು, ಒಂದರ ಬೆನ್ನಿಗೆ ಒಂದು. ಲಾರಿಗಳು ನಿಲ್ಲದೆ ಬರುತ್ತಿದ್ದವು. ಒಂದು ಮಗು ರಸ್ತೆಗೆ ಕಾಲಿಟ್ಟು ಹಿಂದೆ ತೆಗೆಯಿತು, ಮತ್ತೆ ಇಟ್ಟಿತು. ನಾನು ಎದ್ದೆ. ಯಾರಿಗೂ ಹೇಳಲಿಲ್ಲ, ಯಾರನ್ನೂ ಕರೆಯಲಿಲ್ಲ. ಬೋರ್ಡು ಎತ್ತಿ ನಡುವಿಗೆ ಹೋಗಿ ನಿಂತೆ. ಮುಂದಿನ ಲಾರಿ ಕಿರ್ರ್ ಅಂತ ನಿಂತಿತು. ಮಕ್ಕಳು ದಾಟಿದವು. ಎಲ್ಲ ದಾಟಿದ ಮೇಲೆ ನಾನೇ ಹೋಗಿ ಪೊಲೀಸ್ ವ್ಯಾನಿನಲ್ಲಿ ಕೂತೆ. ನನ್ನನ್ನು ಯಾರೂ ಎಳೆಯಲಿಲ್ಲ. ನಾನು ಕೂತದ್ದು ನೋಡಿ ಉಳಿದವರೂ ಬಂದು ಕೂತರು.

ಸ್ಟೇಷನ್ನಿನ ಸಾಹೇಬರು ಒಳ್ಳೆಯವರು. ಚಾ ತರಿಸಿದರು. ನಮಾಝಿಗೆ ಒಂದು ಕೋಣೆ ಬಿಟ್ಟುಕೊಟ್ಟರು. ಅವರಿಗೆ ನಾನು ಥ್ಯಾಂಕ್ಸ್ ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ಆದರೆ ಅವರ ಕಾಗದದಲ್ಲಿ "ನಾನು ಮಾಡಿದ್ದು ತಪ್ಪು, ಇನ್ನು ಮಾಡುವುದಿಲ್ಲ" ಅಂತ ಇತ್ತು. ನಾನು ಸಾಹೇಬರಿಗೆ ಹೇಳಿದೆ: "ಸಾರ್, ಆರ್ಡರ್ ಮುರಿದೆ ಅಂತ ಬರೆಯಿರಿ, ಈಗಲೇ ಸೈನ್ ಹಾಕುತ್ತೇನೆ. ಮುರಿದದ್ದು ಹೌದು. ಅದಕ್ಕೆ ಏನು ದಂಡ ಉಂಟೋ ಹಾಕಿ. ಆದರೆ ಮಕ್ಕಳನ್ನು ದಾಟಿಸಿದ್ದು ತಪ್ಪು ಅಂತ ನನ್ನಿಂದ ಬರೆಸಬೇಡಿ." ಅವರು ತಲೆ ಕೆರೆದುಕೊಂಡು, "ಅಮ್ಮಾ, ಅಚ್ಚಾದ ಫಾರ್ಮು, ನಾನು ಬದಲಾಯಿಸುವ ಹಾಗಿಲ್ಲ" ಅಂದರು. ಅವರೂ ನಿಮ್ಮ ಹಾಗೆ ರೂಲ್ಸಿನವರು.

ಸೈನ್ ಹಾಕಿದವರ ಮೇಲೆ ನನಗೆ ಬೇಸರ ಇಲ್ಲ. ನಸೀಮಳಿಗೆ ಮೈದುನನ ಹೆದರಿಕೆ, ಗುಲಾಬಿಯಕ್ಕನಿಗೆ ಕೋರ್ಟಿಗೆ ಅಲೆಯುವ ಶಕ್ತಿ ಇಲ್ಲ. ಆದರೆ ನಸೀಮ ಆಮೇಲೆ ನಮ್ಮ ಮನೆಗೆ ಬರುತ್ತಿಲ್ಲ. ದಾರಿಯಲ್ಲಿ ಸಿಕ್ಕಿದರೆ ತಲೆ ತಗ್ಗಿಸುತ್ತಾಳೆ. ಅದು ಬೇಸರ.

ನಿಮ್ಮ ಆ ಒಂದು ಕೋಣೆಯ ವಿಷಯ ಓದಿ ನಾನು ಬಾಗಿಲು ಹಾಕಿಕೊಂಡು ಅತ್ತೆ. ಹಳದಿ ಹೂವಂತೆ! ಬಣ್ಣ ಕೇಳಲು ಒಂದು ಫೋನ್ ಮಾಡಬಹುದಿತ್ತಲ್ಲ. ಸಬೀನಳ ಉಪ್ಪಾ, ನನಗೂ ಬರಬೇಕು. ನೀವು ಕೆಲಸದಿಂದ ಬರುವಾಗ ಬಾಗಿಲು ತೆರೆಯಬೇಕು ಅಂತ ನನಗೂ ಆಸೆ ಉಂಟು. ಇಷ್ಟು ವರ್ಷ ಏರ್‌ಪೋರ್ಟಿನಲ್ಲಿ ನಿಮ್ಮನ್ನು ಕಳಿಸಿ ಖಾಲಿ ಕಾರಿನಲ್ಲಿ ಬಂದವಳು ನಾನು. ಹಾಗಾಗಿ ತೀರ್ಮಾನ ನಿಮಗೇ ಬಿಡುತ್ತೇನೆ. ನನ್ನ ಮನಸ್ಸು ಏನು ಅಂತ ಹೇಳಿಯಾಯಿತು. ಇದನ್ನು ಓದಿದ ಮೇಲೂ "ಸೈನ್ ಹಾಕು" ಅಂತ ನೀವು ಇನ್ನೊಮ್ಮೆ ಬರೆದರೆ ಹಾಕುತ್ತೇನೆ, ಆಮೇಲೆ ಅದರ ಮಾತೇ ಎತ್ತುವುದಿಲ್ಲ. ಫೆಬ್ರವರಿ ಮೂರರ ಒಳಗೆ ನಿಮ್ಮ ಪತ್ರ ಬರಲಿ.

ನಿಮ್ಮ
ಮೆಹರುನ್ನಿಸ


ಡಿಸ್ಕವರಿ ಗಾರ್ಡನ್ಸ್
24 ಜನವರಿ 2025, ಶುಕ್ರವಾರ

ಪ್ರೀತಿಯ ಮೆಹರೂ,

ನಿನ್ನ ಪತ್ರಕ್ಕಾಗಿ ಶನಿವಾರ ಅಬುಧಾಬಿಗೆ ಹೋದೆ. ಲತೇಶ್ ತಂದು ಕೊಡುತ್ತೇನೆ ಅಂದಿದ್ದ, ನನಗೆ ತಡೆಯಲಾಗಲಿಲ್ಲ. ಇಬ್ನ್ ಬತೂತ ಬಸ್ ಸ್ಟ್ಯಾಂಡಿನಿಂದ ಬಸ್ ಹಿಡಿದು, ಎಲೆಕ್ಟ್ರಾ ಸ್ಟ್ರೀಟಿನ ಅವನ ಮೊಬೈಲ್ ಅಂಗಡಿಗೆ ಹೋಗಿ ತೆಗೆದುಕೊಂಡೆ. ವಾಪಸ್ ಹೊರಡುವಾಗ ಅವನು ಚಾ ಕುಡಿಸಲು ಎದುರಿನ ಹೋಟೆಲಿಗೆ ಕರೆದ. ರಸ್ತೆಯಲ್ಲಿ ಒಂದು ಗಾಡಿ ಇಲ್ಲ, ಆದರೆ ಹಸಿರು ಮನುಷ್ಯನ ಲೈಟ್ ಬಂದಿರಲಿಲ್ಲ. ನಾನು ನಿಂತೆ. "ಯಲ್ಲಾ ಮಾರಾಯ್ರೆ, ಯಾರಿದ್ದಾರೆ ಇಲ್ಲಿ!" ಅಂದ. ನಾನು ಕದಲಲಿಲ್ಲ. ಅದು ನನ್ನ ಸ್ವಭಾವ.

ಬಸ್ಸಿನಲ್ಲಿ ನಿನ್ನ ಪತ್ರ ಓದಿದೆ. ಓದಿದ ಮೇಲೂ ನನ್ನ ಉತ್ತರ "ಸೈನ್ ಹಾಕು" ಅಂತಲೇ ಇತ್ತು. ಭಾನುವಾರ ಕೂತು ಹಾಗೆಯೇ ಬರೆದೆ. ಆ ಪತ್ರ ಶರ್ಟಿನ ಜೇಬಿನಲ್ಲಿ ಇಟ್ಟುಕೊಂಡು ಕೆಲಸಕ್ಕೆ ಹೋದೆ, ಹೋಗುವವರು ಯಾರಾದರೂ ಸಿಕ್ಕಿದರೆ ಕೊಡುವ ಅಂತ.

ಮಂಗಳವಾರ ಮಧ್ಯಾಹ್ನ ಮಕ್ಕಳನ್ನು ಇಳಿಸುವ ಹೊತ್ತಿಗೆ ಬಸ್ಸಿನ ಕೆಂಪು ಬೋರ್ಡು ಬಿಚ್ಚಿಕೊಳ್ಳಲಿಲ್ಲ. ಬಟನ್ ಒತ್ತಿದೆ, ಮತ್ತೆ ಒತ್ತಿದೆ, ಅಲ್ಲಾಡಲೇ ಇಲ್ಲ. ಬೋರ್ಡು ಕೆಟ್ಟರೆ ಬಾಗಿಲು ತೆರೆಯಬಾರದು, ಆಫೀಸಿಗೆ ಹೇಳಿ ಬೇರೆ ಬಸ್ ಬರುವ ತನಕ ಕಾಯಬೇಕು ಅಂತ ನಮ್ಮ ಕಂಪನಿಯ ರೂಲ್ಸ್. ನಾನು ಕಾದೆ. ಮಕ್ಕಳಿಗೆ ಹಸಿವು, ಒಂದೆರಡು ಅಳಲು ಶುರು ಮಾಡಿದವು. ನಮ್ಮದೇ ಬಿಲ್ಡಿಂಗಿನ ಒಂದು ಹುಡುಗಿ "ಅಂಕಲ್, ಜಸ್ಟ್ ಓಪನ್ ದ ಡೋರ್, ಮೈ ಹೌಸ್ ಈಸ್ ದೇರ್" ಅಂತ ಕಿಟಕಿಗೆ ಕೈ ಬಡಿದಳು. ಹಿಂದಿನ ಕಾರಿನವನು ಹಾರ್ನ್ ಒತ್ತಿ ಒತ್ತಿ ಬೈದ. ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಪರ್ಲ್ ಉಂಟಲ್ಲ, ಕುಂದಾಪುರದ ಹುಡುಗಿ, ಅವಳು ಕೊಂಕಣಿಯಲ್ಲಿ ಹಾಡು ಹೇಳಿ ಎಲ್ಲರನ್ನೂ ಸುಮ್ಮನಿರಿಸಿದಳು. ಬೇರೆ ಬಸ್ ಬಂದ ಮೇಲೇ ನಾನು ಬಾಗಿಲು ತೆರೆದದ್ದು.

ಮಾರನೆಯ ಬೆಳಿಗ್ಗೆ ಆ ಹುಡುಗಿಯ ತಾಯಿ ಕೆಳಗೆ ಬಂದು ನಿಂತಿದ್ದರು. ಬೈಯಲು ಬಂದರು ಅಂದುಕೊಂಡೆ. ಒಂದು ಡಬ್ಬಿ ಖರ್ಜೂರ ಕೊಟ್ಟು "ನಿನ್ನೆ ನೀವು ಬಾಗಿಲು ತೆರೆಯದ್ದಕ್ಕೆ ಥ್ಯಾಂಕ್ಸ್" ಅಂದರು. ಅವರ ಕಣ್ಣು ತುಂಬಿತ್ತು. ನನಗೆ ಬಹಳ ಖುಷಿಯಾಯಿತು. ಸೀಟಿಗೆ ಬಂದು ಕೂತೆ, ಜೇಬಿನಲ್ಲಿ ನಿನಗೆ ಬರೆದ ಪತ್ರ ಕೈಗೆ ತಾಗಿತು.

ಮೆಹರೂ, ಆಗ ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಮಕ್ಕಳಿಗೆ ಗಾಡಿ ಬಡಿಯದ ಹಾಗೆ ನೋಡಿಕೊಂಡದ್ದಕ್ಕೆ ನನಗೆ ಖರ್ಜೂರ. ಅದೇ ಕೆಲಸ ಮಾಡಿದ್ದಕ್ಕೆ ನಿನಗೆ ಮುಚ್ಚಳಿಕೆ. ಅದರ ಮೇಲೆ ಗಂಡನೂ ಕೂಡಿ ನಿನ್ನ ಕೈ ಹಿಡಿದು ಸೈನ್ ಹಾಕಿಸಲು ಹೊರಟಿದ್ದಾನೆ. ನಾನು ಇಲ್ಲಿ ಧೈರ್ಯವಾಗಿ ಗಾಡಿ ನಿಲ್ಲಿಸುತ್ತೇನೆ ಅಂದರೆ ನನ್ನ ಹಿಂದೆ ದೊಡ್ಡ ಬಸ್ಸುಂಟು, ಕ್ಯಾಮೆರಾ ಉಂಟು, ಪೊಲೀಸರಿದ್ದಾರೆ. ಯಾರೋ ಪುಣ್ಯಾತ್ಮರು ಕೂತು ಆ ರೂಲ್ಸ್ ಬರೆದಿದ್ದಾರೆ, ಅವರಿಗೆ ನಾನು ದಿನಾ ದುವಾ ಮಾಡುತ್ತೇನೆ. ನಿನ್ನ ಹಿಂದೆ ಏನಿತ್ತು? ಒಂದು ಹಲಗೆ. ನನ್ನ ಕಣ್ಣಿನಲ್ಲಿ ನೀರು ನೋಡಿ ಪರ್ಲ್ ಹೆದರಿದಳು. ಅವಳಿಗೆ ಎಲ್ಲ ಹೇಳಿದೆ. "ಬದ್ರುದ್ದೀನ್ ಭಾಯ್, ನಾನಾಗಿದ್ದರೆ ಅಂಥ ಹೆಂಡತಿಯ ಕಾಲು ಹಿಡಿಯುತ್ತಿದ್ದೆ" ಅಂದಳು. ಅವಳ ಬಾಯಿಗೆ ಎಲ್ಲಿ ಬ್ರೇಕುಂಟು.

ಆ ಪತ್ರ ಹರಿದು ಹಾಕಿದೆ. ಇದು ಬೇರೆ ಪತ್ರ.

ಸೈನ್ ಹಾಕಬೇಡ. ಹೋಗಿ ನೀನು ಹೇಳಿದ್ದನ್ನೇ ಹೇಳು. ಆರ್ಡರ್ ಮುರಿದೆ ಅಂತ ಒಪ್ಪಿಕೋ, ಕೋರ್ಟು ಏನು ಹೇಳುತ್ತದೋ ಅದನ್ನು ತಲೆಬಾಗಿ ತೆಗೆದುಕೋ. ಅದೂ ರೂಲ್ಸೇ. ತಪ್ಪು ಅಂತ ಮಾತ್ರ ಬರೆಯಬೇಡ. ಪಾಸ್‌ಪೋರ್ಟ್ ತಡವಾದರೆ ಆಗಲಿ. ಈ ರಂಝಾನ್ ತಪ್ಪಿದರೆ ತಪ್ಪಲಿ. ನಾನು ಈ ಕೋಣೆ ಬಿಡುವುದಿಲ್ಲ. ನೀನು ಇಷ್ಟು ವರ್ಷ ಕಾಯಲಿಲ್ಲವಾ? ಒಂದು ಸಲ ನಾನು ಕಾಯುತ್ತೇನೆ.

ಗಂಡ ಹೆಂಡತಿಯ ನಡುವೆ ಎಂಥ ಥ್ಯಾಂಕ್ಸ್ ಅಂತ ಇಷ್ಟು ದಿನ ಇದ್ದೆ. ನನ್ನ ಉಮ್ಮನನ್ನು ಕೊನೆಯ ದಿನದ ತನಕ ನೋಡಿಕೊಂಡದ್ದಕ್ಕೆ ಹೇಳಲಿಲ್ಲ. ಸಬೀನಳಿಗೆ ನನ್ನ ಬಗ್ಗೆ ಒಳ್ಳೆಯದನ್ನೇ ಹೇಳಿ ಬೆಳೆಸಿದ್ದಕ್ಕೆ ಹೇಳಲಿಲ್ಲ. ಈಗ ಎಲ್ಲಕ್ಕೂ ಸೇರಿಸಿ ಹೇಳುತ್ತೇನೆ. ಥ್ಯಾಂಕ್ಸ್ ಮೆಹರೂ. ಆ ಮಕ್ಕಳ ಪರವಾಗಿಯೂ ನನ್ನದೊಂದು.

ಬರ್ ದುಬೈಯ ಬಟ್ಟೆ ಅಂಗಡಿಯಲ್ಲಿರುವ ನಮ್ಮೂರಿನವರೊಬ್ಬರು ಗುರುವಾರ ಹೊರಡುತ್ತಾರೆ. ಅವರ ಕೈಯಲ್ಲಿ ಇದನ್ನು ಕಳಿಸುತ್ತೇನೆ.

ನಿನ್ನ
ಬದ್ರುದ್ದೀನ್


ಹೊಸಪದವು
21 ಫೆಬ್ರವರಿ 2025, ಶುಕ್ರವಾರ

ಸಬೀನಳ ಉಪ್ಪಾ,

ನಿಮ್ಮ ಪತ್ರ ಆ ಸೋಮವಾರಕ್ಕೆ ಮುಂಚೆಯೇ ಬಂತು. ಎಷ್ಟು ಸಲ ಓದಿದೆ ಅಂತ ಕೇಳಬೇಡಿ, ನಿಮಗೆ ಜಂಬ ಬರುತ್ತದೆ.

ನಾನು ಸ್ಟೇಷನ್ನಿಗೆ ಹೋಗಿ ಸೈನ್ ಹಾಕುವುದಿಲ್ಲ ಅಂದೆ. ಸಾಹೇಬರು ಒಂದು ನಿಟ್ಟುಸಿರು ಬಿಟ್ಟು ಕೇಸ್ ಬರೆದರು. ಮುಂದಿನ ವಾರವೇ ಕೋರ್ಟು. ಜಡ್ಜ್ ಒಬ್ಬರು ಹೆಂಗಸು, ನನಗಿಂತ ಸಣ್ಣ ಪ್ರಾಯ. "ಆರೋಪ ಒಪ್ಪಿಕೊಳ್ಳುತ್ತೀರಾ?" ಕೇಳಿದರು. "ರಸ್ತೆಗೆ ಇಳಿಯಬಾರದು ಅಂತ ಹೇಳಿದ್ದರು, ನಾನು ಇಳಿದೆ. ಹೌದು" ಅಂದೆ. "ಯಾಕೆ ಇಳಿದಿರಿ?" "ಮಕ್ಕಳು ಆಚೆ ಬದಿಯಲ್ಲಿದ್ದವು." ಆಮೇಲೆ ಸಣ್ಣ ದಂಡ ಹಾಕಿ, ಕೋರ್ಟು ಏಳುವ ತನಕ ಅಲ್ಲೇ ಕೂತಿರಬೇಕು, ಅದೇ ಶಿಕ್ಷೆ ಅಂದರು. ನಾನು ಬೆಂಚಿನ ಮೂಲೆಯಲ್ಲಿ ತಸ್ಬೀಹ್ ಮಣಿ ಎಣಿಸಿಕೊಂಡು ಕೂತೆ. ಜಡ್ಜ್ ಎದ್ದರು, ನಾನೂ ಎದ್ದೆ, ಕೇಸ್ ಮುಗಿಯಿತು. ನೀವು ಹೆದರಿದ ಕೋರ್ಟು ಇಷ್ಟೆ. ಅವರು ಮಾಡಿದ್ದು ನ್ಯಾಯ ಅಂತ ನನಗೆ ಅನಿಸಿತು.

ಶಾಲೆಯ ಎದುರು ಈಗ ಇಬ್ಬರು ಹೋಮ್ ಗಾರ್ಡುಗಳನ್ನು ಹಾಕಿದ್ದಾರೆ. ಬೆಳಿಗ್ಗೆ, ಸಂಜೆ ಸೀಟಿ ಊದಿ ಗಾಡಿ ನಿಲ್ಲಿಸುತ್ತಾರೆ. ಸಿಗ್ನಲ್ ಬರುತ್ತದೆ ಅಂದಿದ್ದಾರೆ. ಬಂದ ಮೇಲೆ ನಂಬುವ.

ಪಾಸ್‌ಪೋರ್ಟಿನ ಎನ್‌ಕ್ವೈರಿಗೆ ನಿನ್ನೆ ಒಬ್ಬರು ಪೊಲೀಸ್ ಮನೆಗೆ ಬಂದರು. ಪ್ರಾಯ ಆದವರು, ಹೆಸರು ಕೇಳಿದ ಕೂಡಲೆ "ಓ, ಬೋರ್ಡಿನ ಅಮ್ಮ" ಅಂದರು. ಕೋರ್ಟಿನ ಕಾಗದ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, "ಕೇಸ್ ಮುಗಿದಿದೆ, ದಂಡ ಕಟ್ಟಿದ್ದೀರಿ, ಹಾಗೆಯೇ ಬರೆದು ಕಳಿಸುತ್ತೇನೆ. ನನ್ನ ಕಡೆಯಿಂದ ತೊಂದರೆ ಇಲ್ಲ. ಮೇಲಿನವರು ನೋಡಿ ಮುಗಿಸುವಾಗ ತಿಂಗಳು ಒಂದೂವರೆ ಹೋದೀತು" ಅಂದರು. ಹಾಗಾಗಿ ಈ ರಂಝಾನಿಗೆ ನಾನಿಲ್ಲ. ಇದನ್ನು ಬರೆಯುವಾಗ ನನಗೆ ದುಃಖ ಆಗುತ್ತದೆ, ಆದರೆ ಹೊಟ್ಟೆಯೊಳಗೆ ಕಿಚ್ಚಿಲ್ಲ.

ಆಮೇಲೆ ಅವರು, "ನಿಮ್ಮ ಗುರುತಿದೆ, ನಡತೆ ಒಳ್ಳೆಯದು ಅಂತ ನೆರೆಕರೆಯ ಇಬ್ಬರು ಸೈನ್ ಹಾಕಬೇಕು, ಕರೆಯಿರಿ" ಅಂದರು. ನನಗೆ ಯಾರನ್ನು ಕರೆಯುವುದು ಅಂತ ಸಂಕಟವಾಯಿತು. ಒಮ್ಮೆ ಪೊಲೀಸರ ಎದುರು ಸೈನ್ ಹಾಕಿ ನಾಚಿಕೊಂಡವರನ್ನು ಪುನಃ ಪೊಲೀಸರ ಎದುರು ಹೇಗೆ ಕರೆಯುವುದು?

ಸಬೀನ ಹೊರಗೆ ಹೋದವಳು ಬಾಗಿಲಿನಿಂದಲೇ "ಉಮ್ಮಾ, ಬನ್ನಿ" ಅಂದಳು. ಅಂಗಳದಲ್ಲಿ ಪೊಲೀಸ್ ಬೈಕ್ ನೋಡಿ ನನ್ನನ್ನು ಪುನಃ ಹಿಡಿಯಲು ಬಂದಿದ್ದಾರೆ ಅಂತ ಎಲ್ಲರೂ ಓಡಿ ಬಂದಿದ್ದರು. ಗುಲಾಬಿಯಕ್ಕ ಕೈಯಲ್ಲಿದ್ದ ಮೀನಿನ ಕತ್ತಿಯನ್ನೂ ಇಡದೆ ಬಂದಿದ್ದರು. ಡೊರೊತಿ ಬಾಯಿ ವಾಕರ್ ಹಿಡಿದು ಗೇಟಿನ ತನಕ ನಡೆದಿದ್ದರು, ಆಸ್ಪತ್ರೆಯಿಂದ ಬಂದ ಮೇಲೆ ಅಷ್ಟು ದೂರ ನಡೆದದ್ದು ಅದೇ ಮೊದಲು. ಎಲ್ಲರ ಮುಂದೆ ನಸೀಮ.

ವಿಷಯ ಗೊತ್ತಾದ ಕೂಡಲೆ ನಸೀಮ ಓಡಿ ಹೋಗಿ ಆಧಾರ್ ಕಾರ್ಡ್ ತಂದಳು. ಅವಳ ಹಿಂದೆ ಒಬ್ಬೊಬ್ಬರೇ ಕಾರ್ಡ್ ಹಿಡಿದು ಸಾಲು ನಿಂತರು. ಪೊಲೀಸ್ ಅಂಗಳ ನೋಡಿ "ಅಮ್ಮಾ, ಇಬ್ಬರು ಸಾಕು" ಅಂದರು. ಯಾರೂ ಸಾಲು ಬಿಡಲಿಲ್ಲ. ನಸೀಮ ಹೇಳಿದಳು: "ಸಾರ್, ಅವತ್ತು ನೀವು ಹೇಳಿದಲ್ಲಿ ಸೈನ್ ಹಾಕಿದ್ದೇನೆ. ಮನೆಗೆ ಹೋಗಿ ಅನ್ನ ಸೇರಲಿಲ್ಲ ನನಗೆ. ಇವತ್ತು ನನ್ನ ಮನಸ್ಸು ಹೇಳಿದಲ್ಲಿ ಹಾಕಲು ಬಿಡಿ."

ಅವರು ಫಾರ್ಮಿನಲ್ಲಿ ನಸೀಮಳದ್ದು, ಡೊರೊತಿ ಬಾಯಿಯದ್ದು ಹಾಕಿಸಿಕೊಂಡರು. ಆಮೇಲೆ ಅದನ್ನು ಮಗುಚಿ, ಹಿಂದಿನ ಖಾಲಿ ಬದಿಯನ್ನು ಬೈಕಿನ ಸೀಟಿನ ಮೇಲೆ ಇಟ್ಟು, ತಮ್ಮದೇ ಪೆನ್ನು ಕೊಟ್ಟರು. ಕೊನೆಯವರು ಮುಗಿಸುವ ತನಕ ಬಿಸಿಲಿನಲ್ಲಿ ನಿಂತರು. ನಾನು ಬಾಗಿಲಿನಲ್ಲಿ ನಿಂತು, ಅಳುವುದನ್ನು ಯಾರೂ ನೋಡಬಾರದು ಅಂತ ಸೆರಗಿನಲ್ಲಿ ಮುಖ ಒರೆಸಿದ್ದೇ ಒರೆಸಿದ್ದು. ಎಲ್ಲರೂ ನೋಡಿದರು.

ಸಬೀನಳ ಉಪ್ಪಾ, ಇಷ್ಟು ಜನ ಸೈನ್ ಹಾಕಿ ಕಳಿಸುತ್ತಿದ್ದಾರೆ. ನಾನು ಬಂದೇ ಬರುತ್ತೇನೆ.

ನಿಮ್ಮ
ಮೆಹರುನ್ನಿಸ